ಗುಜರಿಯಿಂದ ಬಂದ ಸನ್ ಅಲ್ಟ್ರಾ 5, ಮಂಗಳೂರಿನ ಮನೆಯಲ್ಲಿ

ಹಳೆಯ ಯುನಿಕ್ಸ್ ವರ್ಕ್‌ಸ್ಟೇಷನ್ (ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಓಡಿಸುವ, ಕೆಲಸದ ಕಂಪ್ಯೂಟರ್) ಒಂದನ್ನು ಮನೆಗೆ ತರುವ ಆಸೆ ಇದ್ದವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅದಕ್ಕೊಂದು ಕೆಲಸ ಕೊಡಿ. ಸುಮ್ನೆ ನೋಡ್ಲಿಕ್ಕೆ ಚಂದ ಅಂತ ತಂದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಅಟ್ಟ ಸೇರುತ್ತದೆ, ನಮ್ಮ ಊರಿನ ಹವೆಗೆ ಅಲ್ಲಿಂದ ಮತ್ತೆ ಅದು ಜೀವಂತ ಇಳಿಯುವುದಿಲ್ಲ. ನನ್ನ ಸನ್ ಅಲ್ಟ್ರಾ 5ಕ್ಕೆ ಇರುವ ಕೆಲಸ ಒಂದೇ. ನಾನು ಬಳಸುವ ಸಿ ಭಾಷೆಯ ಕೋಡನ್ನು ಅದರ ಮೇಲೆ ಕಂಪೈಲ್ ಮಾಡಿ (ಮೆಷಿನ್‌ಗೆ ಅರ್ಥವಾಗುವ ರೂಪಕ್ಕೆ ಬದಲಿಸಿ) ಓಡಿಸುತ್ತೇನೆ. ಲ್ಯಾಪ್‌ಟಾಪ್‌ನಲ್ಲಿ ಎಷ್ಟು ಹುಡುಕಿದರೂ ಕಣ್ಣಿಗೆ ಬೀಳದ ತಪ್ಪುಗಳು ಅಲ್ಲಿ ತಾವಾಗಿಯೇ ಹೊರಗೆ ಬರುತ್ತವೆ. ಹೇಗೆ ಅಂತ ಮುಂದೆ ಹೇಳುತ್ತೇನೆ, ಮೊದಲು ಮೆಷಿನ್ ವಿಷಯ.

ಅಲ್ಟ್ರಾ 5 ಅಂದರೆ ಸನ್ ಮೈಕ್ರೋಸಿಸ್ಟಮ್ಸ್ 1998ರಲ್ಲಿ ತಂದ, ಮೇಜಿನ ಮೇಲೆ ಅಡ್ಡ ಇಡುವ ಪೆಟ್ಟಿಗೆ. ಒಳಗೆ 64 ಬಿಟ್‌ನ ಸನ್‌ನದ್ದೇ ಸ್ಪಾರ್ಕ್ ಜಾತಿಯ ಅಲ್ಟ್ರಾಸ್ಪಾರ್ಕ್ 2ಐ (IIi) ಪ್ರೊಸೆಸರ್, ನನ್ನದರಲ್ಲಿ 360 ಮೆಗಾಹರ್ಟ್ಸ್‌ನದ್ದು. ಮನೆಯಲ್ಲಿ ಇಟ್ಟುಕೊಳ್ಳುವವರಿಗೆ ಇದರ ದೊಡ್ಡ ಅನುಕೂಲ ಏನೆಂದರೆ ಸನ್ ಕಂಪನಿ ಇದರಲ್ಲಿ ಖರ್ಚು ಇಳಿಸಲಿಕ್ಕೆ ಸಾಮಾನ್ಯ ಪಿಸಿಯ ಐಡಿಇ ಡಿಸ್ಕ್, ಪಿಸಿಐ ಸ್ಲಾಟ್, ಸಾಮಾನ್ಯ ವಿಜಿಎ ಮಾನಿಟರ್ ಪೋರ್ಟ್ ಕೊಟ್ಟಿತು. ಹಾಗಾಗಿ ಹಳೆ ಪಿಸಿಯ ಡಿಸ್ಕ್ ಇದಕ್ಕೂ ಆಗುತ್ತದೆ. ರ‍್ಯಾಮ್ ಮಾತ್ರ ಇದರದ್ದೇ ಬೇಕು, ಅದೂ ಜೋಡಿಯಾಗಿ ಹಾಕಬೇಕು. ಒಟ್ಟು 512 ಎಂಬಿವರೆಗೆ ಹಿಡಿಸುತ್ತದೆ.

ಸಿಕ್ಕಿದ್ದು ಬಂದರಿನ ಕಡೆಯ ಒಂದು ಗುಜರಿಯಲ್ಲಿ. "ಇದಕ್ಕೆ ವಿಂಡೋಸ್ ಹಾಕ್ಲಿಕ್ಕೆ ಆಗುದಿಲ್ಲ ಮಾರಾಯ್ರೆ, ಎಂತ ಮಾಡ್ತೀರಿ ಇದನ್ನು?" ಅಂತ ಅಂಗಡಿಯವರು ಕೇಳಿದರು. ಕಿಲೋ ಲೆಕ್ಕದಲ್ಲಿ ತೂಗಿ ಕೊಟ್ಟರು. ಕೀಬೋರ್ಡ್ ಇರಲಿಲ್ಲ, ಮೌಸ್ ಇರಲಿಲ್ಲ. ಅದು ತೊಂದರೆಯೇ ಅಲ್ಲ, ಯಾಕೆಂದರೆ ಸನ್ ಮೆಷಿನ್‌ಗೆ ಕೀಬೋರ್ಡ್ ಸಿಕ್ಕಿಸದೆ ಆನ್ ಮಾಡಿದರೆ ಅದು ತಾನಾಗಿಯೇ ಸೀರಿಯಲ್ ಪೋರ್ಟ್‌ನಲ್ಲಿ (ಕೇಬಲ್‌ನಿಂದ ಇನ್ನೊಂದು ಕಂಪ್ಯೂಟರ್‌ಗೆ ಅಕ್ಷರ ಕಳಿಸುವ ಕಿಂಡಿ) ಮಾತಾಡಲು ಶುರು ಮಾಡುತ್ತದೆ.

ಆನ್ ಮಾಡುವ ಮೊದಲು ಬಿಚ್ಚಿ ನೋಡಲೇಬೇಕು. ಕರಾವಳಿಯಲ್ಲಿ ಇದು ಬಿಡುವ ಹಾಗೆಯೇ ಇಲ್ಲ. ಪವರ್ ಸಪ್ಲೈ ಒಳಗೆ ಹಲ್ಲಿ ಮೊಟ್ಟೆ ಇಟ್ಟಿರುತ್ತದೆ, ಇರುವೆ ಗೂಡು ಕಟ್ಟಿರುತ್ತದೆ, ಒಣಗಿದ ಹಲ್ಲಿಯೇ ಸಿಕ್ಕರೂ ಆಶ್ಚರ್ಯವಿಲ್ಲ. ಉಪ್ಪುಗಾಳಿಗೆ ತಗಡಿನ ಅಂಚೆಲ್ಲ ತುಕ್ಕು. ನಾನು ಬ್ರಷ್ ಮತ್ತು ಬ್ಲೋವರ್‌ನಿಂದ ಧೂಳು ತೆಗೆದೆ, ರ‍್ಯಾಮ್ ಮತ್ತು ಕಾರ್ಡ್‌ಗಳ ಹಳದಿ ಕಾಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರ್‌ನಿಂದ ಮೆಲ್ಲ ಉಜ್ಜಿ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿದೆ. ಪವರ್ ಸಪ್ಲೈಯ ಕೆಪಾಸಿಟರ್‌ಗಳ ತಲೆ ಉಬ್ಬಿದೆಯಾ ಅಂತ ಒಂದೊಂದನ್ನೇ ನೋಡಿದೆ. ಪವರ್ ಸಪ್ಲೈಯನ್ನು ಬಿಚ್ಚುವವರು ವೈರ್ ತೆಗೆದ ಕೂಡಲೇ ಕೈ ಹಾಕಬೇಡಿ. ದೊಡ್ಡ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ.

ಇನ್ನು ಅರ್ತ್. ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಮೆಷಿನ್‌ನ ತಗಡು ಮುಟ್ಟಿದಾಗ ಬೆರಳು ಜುಮ್ಮೆಂದರೆ ಹೆಚ್ಚಾಗಿ ಅದು ಪ್ಲಗ್‌ನ ಅರ್ತ್ ಇಲ್ಲ ಅಂತ ಅರ್ಥ. ಪವರ್ ಸಪ್ಲೈಯ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಸೋರುವ ಕರೆಂಟ್ ನೆಲಕ್ಕೆ ಹೋಗಲು ದಾರಿ ಇಲ್ಲದೆ ತಗಡಿನಲ್ಲೇ ನಿಂತಿರುತ್ತದೆ. ನಮಗೆ ಅದು ಸಣ್ಣ ಶಾಕ್, ಆದರೆ ಅದೇ ಸ್ಥಿತಿಯಲ್ಲಿ ಸೀರಿಯಲ್ ಕೇಬಲ್ ತಂದು ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ ಪೋರ್ಟ್ ಸುಟ್ಟುಹೋಗಬಹುದು. ಜಂಬಿಟ್ಟಿಗೆ ನೆಲದ ಮನೆಗಳಲ್ಲಿ ಬೇಸಿಗೆಗೆ ಮಣ್ಣು ಒಣಗಿ ಅರ್ತ್ ಇದ್ದೂ ಇಲ್ಲದ ಹಾಗೆ ಆಗುತ್ತದೆ. ಇಲೆಕ್ಟ್ರಿಷಿಯನ್ ಕರೆಸಿ ಟೆಸ್ಟ್ ಮಾಡಿಸಿ, ಮಾರ್ಚ್‌ನಿಂದ ಮಳೆ ಬರುವವರೆಗೆ ಅರ್ತ್ ಗುಂಡಿಗೆ ಆಗಾಗ ನೀರು ಹಾಕಿ. ನಮ್ಮ ಮನೆಯಲ್ಲಿ ತೆಂಗಿನ ಬುಡಕ್ಕೆ ನೀರು ಬಿಡುವಾಗ ಅದಕ್ಕೂ ಒಂದು ಕೊಡ ಹೋಗುತ್ತದೆ.

ಸೀರಿಯಲ್‌ಗೆ ಬೇಕಾದ್ದು ಒಂದು ನಲ್ ಮೋಡೆಮ್ ಕೇಬಲ್ (ಕಳಿಸುವ, ಪಡೆಯುವ ವೈರ್‌ಗಳು ಅದಲುಬದಲಾದದ್ದು) ಮತ್ತು ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಅಡಾಪ್ಟರ್. ಅಲ್ಟ್ರಾ 5ರಲ್ಲಿ ಎರಡು ಸೀರಿಯಲ್ ಪೋರ್ಟ್ ಇವೆ. ಮೆಷಿನ್ ಮಾತಾಡುವುದು ಎ ಪೋರ್ಟ್‌ನಲ್ಲಿ, ಅದು 25 ಪಿನ್‌ನ ಅಗಲದ್ದು. 9 ಪಿನ್‌ನದ್ದು ಬಿ. ಹಾಗಾಗಿ 9ರಿಂದ 25ಕ್ಕೆ ಬದಲಿಸುವ ಸಣ್ಣ ತುಂಡೂ ಬೇಕು. ವೇಗ 9600, 8 ಬಿಟ್, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್. ಸೀರಿಯಲ್‌ನಲ್ಲಿ ಮಾತಾಡಲು ಲ್ಯಾಪ್‌ಟಾಪ್‌ನಲ್ಲಿ ಮಿನಿಕಾಮ್ ಎಂಬ ಪ್ರೋಗ್ರಾಂ ಆದರೂ ಆದೀತು, ಸ್ಕ್ರೀನ್ ಎಂಬ ಪ್ರೋಗ್ರಾಂ ಆದರೂ ಆದೀತು. ಬೂಟ್ ಆಗುವಾಗ ಬ್ರೇಕ್ ಸಿಗ್ನಲ್ ಕಳಿಸಿದರೆ ಸನ್ ಕೀಬೋರ್ಡ್‌ನಲ್ಲಿ ಸ್ಟಾಪ್ ಮತ್ತು ಎ ಕೀ ಒಟ್ಟಿಗೆ ಒತ್ತಿದ ಹಾಗೆ. ಮೆಷಿನ್ ನಿಂತು 'ಓಕೆ' ಎಂಬ ಪ್ರಾಂಪ್ಟ್ ಕೊಡುತ್ತದೆ.

ಈ ಓಕೆ ಪ್ರಾಂಪ್ಟ್ ನನಗೆ ತುಂಬ ಇಷ್ಟ. ಪಿಸಿ ಆನ್ ಆದ ಕೂಡಲೇ ಓಡುವ ಬಯಾಸ್‌ನಲ್ಲಿ ಮೆನು ಮಾತ್ರ ಇರುತ್ತದೆ ಅಲ್ವಾ, ಇಲ್ಲಿ ಹಾಗಲ್ಲ. ಇದು ಓಪನ್‌ಬೂಟ್, ಒಳಗೆ ಇರುವುದು ಪೂರ್ತಿ ಫೋರ್ತ್ ಎಂಬ ಪ್ರೋಗ್ರಾಮಿಂಗ್ ಭಾಷೆ. ಡಿಸ್ಕ್ ಇಲ್ಲದ, ಆಪರೇಟಿಂಗ್ ಸಿಸ್ಟಮ್ ಇಲ್ಲದ ಖಾಲಿ ಮೆಷಿನ್‌ನಲ್ಲಿ 2 3 + . ಅಂತ ಹೊಡೆದರೆ 5 ಅಂತ ಉತ್ತರ ಬರುತ್ತದೆ. 9 1 + . ಅಂದರೆ ಎ ಬರುತ್ತದೆ, ಯಾಕೆಂದರೆ ಅದು ಲೆಕ್ಕ ಮಾಡುವುದು ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ. ಪ್ರೋಬ್-ಐಡಿಇ ಅಂದರೆ ಯಾವ ಡಿಸ್ಕ್ ಸಿಕ್ಕಿಸಿದೆ ಅಂತ ಹೇಳುತ್ತದೆ. ಬ್ಯಾನರ್ ಅಂದರೆ ಮಾಡೆಲ್, ಮೆಮೊರಿ, ಈಥರ್ನೆಟ್ ವಿಳಾಸ (ನೆಟ್‌ವರ್ಕ್‌ನಲ್ಲಿ ಮೆಷಿನ್‌ನ ಗುರುತು) ಎಲ್ಲ ತೋರಿಸುತ್ತದೆ.

ಆ ಈಥರ್ನೆಟ್ ವಿಳಾಸದಲ್ಲೇ ಹಳೆ ಸನ್‌ಗಳ ಮುಖ್ಯ ಕಾಯಿಲೆ ಕಾಣುವುದು. ಆನ್ ಮಾಡಿದ ಕೂಡಲೇ ಐಡಿಪ್ರಾಮ್ (ಮೆಷಿನ್‌ನ ಗುರುತು ಬರೆದಿಟ್ಟ ಜಾಗ) ಸರಿಯಿಲ್ಲ ಅನ್ನುವ ಸಾಲು ಬಂದು, ವಿಳಾಸದ ಜಾಗದಲ್ಲಿ ಬರೀ ಎಫ್‌ಎಫ್‌ಗಳ ಸಾಲು ಕಂಡರೆ ಎನ್‌ವಿರ‍್ಯಾಮ್ ಚಿಪ್‌ನ (ಕರೆಂಟ್ ಹೋದರೂ ಬ್ಯಾಟರಿಯಿಂದ ನೆನಪು ಉಳಿಸುವ ಚಿಪ್) ಬ್ಯಾಟರಿ ಸತ್ತಿದೆ ಅಂತ ಲೆಕ್ಕ. ಪಿಸಿಯ ನೆಟ್‌ವರ್ಕ್ ಕಾರ್ಡ್‌ನಲ್ಲಿ ಅದರ ವಿಳಾಸ ಕಾರ್ಡ್‌ನಲ್ಲೇ ಇರುತ್ತದೆ. ಸನ್‌ನವರು ಇಡೀ ಮೆಷಿನ್‌ಗೆ ಒಂದು ವಿಳಾಸ ಕೊಟ್ಟು ಅದನ್ನು ಎನ್‌ವಿರ‍್ಯಾಮ್‌ನಲ್ಲಿ ಇಟ್ಟರು. ಬ್ಯಾಟರಿ ಆ ಚಿಪ್‌ನ ಕಪ್ಪು ಮುಚ್ಚಳದ ಒಳಗೇ ಇದೆ, ಬಿಚ್ಚಿ ಬದಲಿಸುವ ಹಾಗಿಲ್ಲ. ವರ್ಷಗಳು ಕಳೆದ ಮೇಲೆ ಅದು ಸಾಯುತ್ತದೆ, ವಿಳಾಸವೂ ಹೋಗುತ್ತದೆ, ನೆಟ್‌ವರ್ಕೂ ನಿಲ್ಲುತ್ತದೆ. ಗುಜರಿಗೆ ಬಂದ ಎಷ್ಟೋ ಒಳ್ಳೆಯ ಮೆಷಿನ್‌ಗಳು ಇಷ್ಟೇ ಕಾರಣಕ್ಕೆ ಹಾಳಾಗಿವೆ ಅಂತ ಜನ ಬಿಟ್ಟಿರುತ್ತಾರೆ, ಅದು ನನಗೆ ಬೇಸರದ ವಿಷಯ.

ಇದಕ್ಕೆ ಎರಡು ದಾರಿ. ಅದೇ ಬಗೆಯ ಎಂ48ಟಿ59 ಚಿಪ್ ಹೊಸದು ತರಿಸುವುದು ಒಂದು. ನಾನು ಹಿಡಿದದ್ದು ಎರಡನೆಯದು. ಚಿಪ್‌ನ ಮುಚ್ಚಳದ ಒಂದು ಬದಿಯನ್ನು ಸಣ್ಣ ಅರದಿಂದ ನಿಧಾನ ಉಜ್ಜುತ್ತಾ ಹೋದರೆ ಬ್ಯಾಟರಿಯ ಎರಡು ತಗಡಿನ ಕಾಲುಗಳು ಹೊಳೆಯುತ್ತವೆ. ಸತ್ತ ಬ್ಯಾಟರಿಯ ಕಡೆಗೆ ಹೋಗುವ ಸಂಪರ್ಕ ಕತ್ತರಿಸಿ, ಚಿಪ್‌ನ ಕಡೆ ಉಳಿದ ತುದಿಗೆ ಎರಡು ವೈರ್ ಬೆಸುಗೆ ಹಾಕಿ, 3 ವೋಲ್ಟ್‌ನ ಸಿಆರ್2032 ಬ್ಯಾಟರಿ ಹೋಲ್ಡರ್ ಕೂರಿಸುವುದು. ಪ್ಲಸ್ ಮೈನಸ್ ಯಾವುದು ಅಂತ ಮಲ್ಟಿಮೀಟರ್‌ನಲ್ಲಿ ಮೊದಲೇ ಗುರುತು ಹಾಕಿಕೊಳ್ಳಿ. ಪೂರ್ತಿ ಸತ್ತ ಬ್ಯಾಟರಿಯಲ್ಲೂ ಸ್ವಲ್ಪ ವೋಲ್ಟೇಜ್ ಉಳಿದಿರುತ್ತದೆ. ಅದೇ ಮುಚ್ಚಳದೊಳಗೆ ಗಡಿಯಾರದ ಕ್ರಿಸ್ಟಲ್ ಕೂಡ ಇದೆ, ಅದಕ್ಕೆ ಅರ ತಾಗಬಾರದು. ಉಜ್ಜುವಾಗ ಮಾಸ್ಕ್ ಹಾಕಿ, ಆ ಪುಡಿ ಒಳ್ಳೆಯದಲ್ಲ.

ಆಮೇಲೆ ವಿಳಾಸವನ್ನು ಕೈಯಿಂದ ತುಂಬಬೇಕು. ಓಕೆ ಪ್ರಾಂಪ್ಟ್‌ನಲ್ಲಿ ಎಂಕೆಪಿ ಅನ್ನುವ ಶಬ್ದ ಇದೆ, ಅದು ಐಡಿಪ್ರಾಮ್‌ನ ಒಂದೊಂದು ಬೈಟ್ ಬರೆಯುತ್ತದೆ. ಸೊನ್ನೆಯ ಜಾಗಕ್ಕೆ 1, ಒಂದನೆಯ ಜಾಗಕ್ಕೆ 80. ಈ 80 ಅಂದರೆ ಅಲ್ಟ್ರಾಸ್ಪಾರ್ಕ್ ಜಾತಿಯ ಮೆಷಿನ್ ಅಂತ. 2ರಿಂದ 7ರವರೆಗೆ ಈಥರ್ನೆಟ್ ವಿಳಾಸದ ಆರು ಬೈಟ್. ಮೊದಲ ಮೂರು 8, 0, 20. ಅದು ಸನ್ ಕಂಪನಿಯ ಗುರುತು. ಕೊನೆಯ ಮೂರು ನಿಮಗೆ ಬೇಕಾದ್ದು, ಮನೆಯ ನೆಟ್‌ವರ್ಕ್‌ನಲ್ಲಿ ಬೇರೆ ಯಾವುದಕ್ಕೂ ಅದೇ ವಿಳಾಸ ಇರದಿದ್ದರೆ ಸಾಕು. ಒಟ್ಟು ಹದಿನಾರರಲ್ಲಿ ಕೊನೆಯ ಬೈಟ್ ಚೆಕ್‌ಸಮ್ (ಉಳಿದವು ಸರಿಯಿವೆಯಾ ಅಂತ ನೋಡುವ ಸಂಖ್ಯೆ), ಹಿಂದಿನ ಹದಿನೈದನ್ನೂ ಎಕ್ಸಾರ್ ಮಾಡಿ (ಬಿಟ್‌ಗೆ ಬಿಟ್ ಹೋಲಿಸಿ) ಬರುವ ಸಂಖ್ಯೆ. ಅದನ್ನು ಕಾಗದದಲ್ಲಿ ಲೆಕ್ಕ ಹಾಕುವ ಅಗತ್ಯವಿಲ್ಲ, ಫೋರ್ತ್‌ನಲ್ಲಿ ಒಂದು ಸಾಲಿನ ಲೂಪ್ ಬರೆದರೆ ಮೆಷಿನ್ ತನ್ನ ಚೆಕ್‌ಸಮ್ ತಾನೇ ಲೆಕ್ಕ ಹಾಕಿ ಬರೆದುಕೊಳ್ಳುತ್ತದೆ. ರೀಸೆಟ್ ಮಾಡಿದೆ, ಬ್ಯಾನರ್‌ನಲ್ಲಿ ನಾನು ಕೊಟ್ಟ ವಿಳಾಸ ಬಂತು. ಆ ಖುಷಿ ದೊಡ್ಡದು.

ಆಪರೇಟಿಂಗ್ ಸಿಸ್ಟಮ್ ಯಾವುದು ಹಾಕುವುದು? ಸನ್‌ನದ್ದೇ ಸೊಲಾರಿಸ್ 10 ಇದರಲ್ಲಿ ಓಡುತ್ತದೆ, ಅದು 2005ರದ್ದು. ಸೊಲಾರಿಸ್ 11 ಈ ಪ್ರೊಸೆಸರ್‌ಗೆ ಬರುವುದೇ ಇಲ್ಲ. ಸೊಲಾರಿಸ್ 10ರ ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರ್‌ನಿಂದ ಲಾಗಿನ್ ಆಗುವ ಪ್ರೋಗ್ರಾಂ) ಎಷ್ಟು ಹಳತೆಂದರೆ ಈಗಿನ ಲ್ಯಾಪ್‌ಟಾಪ್‌ನಿಂದ ಲಾಗಿನ್ ಆಗಲು ಹಳೆ ಕ್ರಮಗಳನ್ನು ಒಂದೊಂದಾಗಿ ಬಿಡಿಸಿ ಕೊಡಬೇಕು. ಸನ್‌ನ ಕಾಲ ಹೇಗಿತ್ತು ಅಂತ ನೋಡಬೇಕಾದರೆ ಅದನ್ನು ಹಾಕಿ. ಕೆಲಸಕ್ಕೆ ನನ್ನ ಆಯ್ಕೆ ಓಪನ್‌ಬಿಎಸ್‌ಡಿ, ಉಚಿತವಾಗಿ ಸಿಗುವ ಯುನಿಕ್ಸ್ ಜಾತಿಯ ಸಿಸ್ಟಮ್. ಸ್ಪಾರ್ಕ್64ಗೆ (ಇಂಥ 64 ಬಿಟ್ ಸ್ಪಾರ್ಕ್ ಮೆಷಿನ್‌ಗಳಿಗೆ) ಅವರು ಈಗಲೂ ವರ್ಷಕ್ಕೆರಡು ಸಲ ಹೊಸ ಆವೃತ್ತಿ ಕೊಡುತ್ತಾರೆ. ನೆಟ್‌ಬಿಎಸ್‌ಡಿಯೂ ಇದೆ.

ಸಿಡಿಯಿಂದ ಹಾಕಬಹುದಿತ್ತು, ಆದರೆ ನಮ್ಮ ತೇವಕ್ಕೆ ಡ್ರೈವ್‌ನ ಲೆನ್ಸ್ ಮಂಜಾಗಿತ್ತು. ನಾನು ನೆಟ್‌ವರ್ಕ್‌ನಿಂದಲೇ ಬೂಟ್ ಮಾಡಿದೆ. ಒಂದು ಹಳೆ ಲ್ಯಾಪ್‌ಟಾಪ್‌ಗೂ ಓಪನ್‌ಬಿಎಸ್‌ಡಿ ಹಾಕಿದರೆ ಬೇಕಾದ ನಾಲ್ಕೂ ಸರ್ವರ್‌ಗಳು, ಅಂದರೆ ಐಪಿ ಹೇಳುವ ಆರ್‌ಎಆರ್‌ಪಿ, ಬೂಟ್ ಫೈಲ್ ಕೊಡುವ ಟಿಎಫ್‌ಟಿಪಿ, ಉಳಿದ ಫೈಲ್‌ಗಳು ಎಲ್ಲಿವೆ ಅಂತ ಹೇಳುವ ಬೂಟ್‌ಪ್ಯಾರಾಮ್, ಆ ಫೈಲ್‌ಗಳನ್ನು ಕೊಡುವ ಎನ್‌ಎಫ್‌ಎಸ್, ಅದರ ಜೊತೆಗೇ ಬರುತ್ತವೆ. ಓಕೆ ಪ್ರಾಂಪ್ಟ್‌ನಲ್ಲಿ ಬೂಟ್ ನೆಟ್ ಅಂದಾಗ ಸನ್ ತನ್ನ ಈಥರ್ನೆಟ್ ವಿಳಾಸ ಹೇಳಿ 'ನನ್ನ ಐಪಿ ಏನು' ಅಂತ ಕೇಳುತ್ತದೆ. ಉತ್ತರ ಸಿಕ್ಕ ಮೇಲೆ ಅದೇ ಐಪಿಯನ್ನು ಹೆಕ್ಸಾಡೆಸಿಮಲ್‌ನಲ್ಲಿ ಬರೆದ ಹೆಸರಿನ ಫೈಲ್ ಕೇಳುತ್ತದೆ. 192.168.1.5 ಆದರೆ ಫೈಲ್‌ನ ಹೆಸರು ಸಿ0ಎ80105. ಇಂಗ್ಲಿಷ್ ಅಕ್ಷರ ದೊಡ್ಡದೇ (C0A80105) ಆಗಿರಬೇಕು. ಬೂಟ್ ಲೋಡರನ್ನು ಆ ಹೆಸರಿನಲ್ಲಿ ಇಟ್ಟರೆ ಮುಂದಿನದ್ದು ಸಾಮಾನ್ಯ ಇನ್‌ಸ್ಟಾಲೇಷನ್. ಮುಗಿದ ಮೇಲೆ ಲೈಬ್ರರಿಗಳನ್ನು ಪ್ರತಿ ಬೂಟ್‌ಗೂ ಹೊಸ ಕ್ರಮದಲ್ಲಿ ಜೋಡಿಸುವ ಕೆಲಸವನ್ನು ನಿಲ್ಲಿಸಿದೆ. ಸುರಕ್ಷತೆಗೆ ಅದು ಒಳ್ಳೆಯದೇ, ಆದರೆ 360 ಮೆಗಾಹರ್ಟ್ಸ್‌ನಲ್ಲಿ ಕಾಯುವುದು ಜಾಸ್ತಿ ಆಗುತ್ತದೆ, ಮತ್ತು ಈ ಮೆಷಿನ್ ಮನೆಯ ಹೊರಗಿನ ಇಂಟರ್ನೆಟ್‌ಗೆ ಬಾಗಿಲು ತೆರೆದಿಲ್ಲ.

ಈಗ ಕೆಲಸದ ಮಾತು. ಸ್ಪಾರ್ಕ್‌ಗೂ ನಮ್ಮ ಇಂಟೆಲ್ ಲ್ಯಾಪ್‌ಟಾಪ್‌ಗೂ ಎರಡು ವ್ಯತ್ಯಾಸ. ಒಂದು, ಸ್ಪಾರ್ಕ್‌ನಲ್ಲಿ ಸಂಖ್ಯೆಯ ದೊಡ್ಡ ಬೈಟ್ ಮೊದಲು ಬರುತ್ತದೆ, ಇಂಟೆಲ್‌ನಲ್ಲಿ ಸಣ್ಣದು ಮೊದಲು. ಎರಡು, 4 ಬೈಟ್‌ನ ಸಂಖ್ಯೆಯನ್ನು 4ರಿಂದ ಭಾಗವಾಗುವ ವಿಳಾಸದಿಂದಲೇ ಓದಬೇಕು, ಇಲ್ಲದಿದ್ದರೆ ಸ್ಪಾರ್ಕ್ ಬಸ್ ಎರರ್ ಕೊಟ್ಟು ಪ್ರೋಗ್ರಾಂ ನಿಲ್ಲಿಸುತ್ತದೆ. ಇಂಟೆಲ್ ಅಂಥದ್ದನ್ನೆಲ್ಲ ಸುಮ್ಮನೆ ನುಂಗಿಕೊಳ್ಳುತ್ತದೆ.

ಹಳೆ ಫಾಂಟ್‌ನ ಕನ್ನಡ ಫೈಲ್‌ಗಳನ್ನು ಯುನಿಕೋಡ್‌ಗೆ ಬದಲಿಸುವ ಒಂದು ಸಿ ಪ್ರೋಗ್ರಾಂ ನನ್ನ ಹತ್ತಿರ ಇತ್ತು, ಬೇರೆಯವರು ಬರೆದದ್ದು. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಸನ್‌ನಲ್ಲಿ ಓಡಿಸಿದ ತಕ್ಷಣ ಬಸ್ ಎರರ್. ತಪ್ಪು ಹುಡುಕುವ ಜಿಡಿಬಿ ಪ್ರೋಗ್ರಾಂನಲ್ಲಿ ನೋಡಿದರೆ ಬೈಟ್‌ಗಳ ಬಫರ್‌ನ ನಡುವಿನಿಂದ ಪಾಯಿಂಟರ್ (ಮೆಮೊರಿಯ ವಿಳಾಸ) ಕಾಸ್ಟ್ ಮಾಡಿ ನೇರ ಪೂರ್ಣಾಂಕ ಓದುವ ಸಾಲು. ಅದನ್ನು ಬೈಟ್‌ಗಳನ್ನು ನಕಲು ಮಾಡುವ ಮೆಮ್‌ಕಾಪಿಗೆ ಬದಲಿಸಿದೆ. ಆಮೇಲೆ ಓಡಿತು, ಆದರೆ ಹೆಡರ್‌ನಲ್ಲಿ 1 ಇರಬೇಕಾದ ಕಡೆ 16777216 ಅಂತ ತೋರಿಸಿತು. ಅದು ಅದೇ ನಾಲ್ಕು ಬೈಟ್, ಓದಿದ ದಿಕ್ಕು ಮಾತ್ರ ತಿರುಗಿದೆ. ಹಾಗೆಯೇ ಯುಟಿಎಫ್-16ರಲ್ಲಿ (ಅಕ್ಷರಗಳನ್ನು ಎರಡೆರಡು ಬೈಟ್‌ನಲ್ಲಿ ಇಡುವ ಯುನಿಕೋಡ್ ಕ್ರಮ) ಬರೆದ 'ಕ' ಅಕ್ಷರ ಚೀನೀ ಅಕ್ಷರವಾಗಿ ಬಂತು. ಯಾಕೆಂದರೆ 'ಕ'ದ ಸಂಖ್ಯೆ 0ಸಿ95, ಬೈಟ್ ತಿರುಗಿದರೆ 950ಸಿ, ಅದು ಚೀನೀ ಅಕ್ಷರಗಳ ಸಾಲಿನಲ್ಲಿ ಬರುತ್ತದೆ. ಯುಟಿಎಫ್-8ರಲ್ಲಿ ಈ ತಾಪತ್ರಯವೇ ಇಲ್ಲ, ಹೊಸದಾಗಿ ಬರೆಯುವವರು ಅದನ್ನೇ ಬಳಸಿ. ಎಲ್ಲಕ್ಕಿಂತ ಕಷ್ಟದ್ದು ಇನ್ನೊಂದು. 8 ಬೈಟ್‌ನ ಉದ್ದದ ಸಂಖ್ಯೆಯನ್ನು 4 ಬೈಟ್‌ನ ಇಂಟ್ ಪಾಯಿಂಟರ್ ಆಗಿ ಫಂಕ್ಷನ್‌ಗೆ ಕೊಟ್ಟಿದ್ದರು. ಇಂಟೆಲ್‌ನಲ್ಲಿ ಸಣ್ಣ ಬೈಟ್‌ಗಳು ಮೊದಲೇ ಇರುವುದರಿಂದ ಉತ್ತರ ಸರಿ ಬರುತ್ತದೆ. ಸ್ಪಾರ್ಕ್‌ನಲ್ಲಿ ಮೊದಲ 4 ಬೈಟ್ ಖಾಲಿ, ಉತ್ತರ ಸೊನ್ನೆ. ಲ್ಯಾಪ್‌ಟಾಪ್‌ನಲ್ಲೂ ಫೈಲ್ ಎರಡು ಜಿಬಿ ದಾಟಿದ ದಿನ ಅದು ಕೈ ಕೊಡುತ್ತಿತ್ತು.

ಇದಕ್ಕೆಲ್ಲ ಬೇರೆ ಮೆಷಿನ್‌ನ ಹಾಗೆ ನಟಿಸುವ ಕ್ಯೂಇಎಂಯು ಪ್ರೋಗ್ರಾಂ ಸಾಕಲ್ವಾ ಅಂತ ಗೆಳೆಯರು ಕೇಳುತ್ತಾರೆ. ಬೈಟ್‌ಗಳ ಕ್ರಮ ಮಾತ್ರ ನೋಡಬೇಕಾದರೆ ಹೌದು, ಸಾಕು. ಆದರೆ ಬಿಚ್ಚಿ ನೋಡುವ, ಬೆಸುಗೆ ಹಾಕುವ, ಓಕೆ ಪ್ರಾಂಪ್ಟ್‌ನಿಂದ ಮೇಲಕ್ಕೆ ಒಂದು ಕಂಪ್ಯೂಟರ್ ಹೇಗೆ ಏಳುತ್ತದೆ ಅಂತ ಕಲಿಯುವ ಆಸೆ ಇದ್ದರೆ ನಿಜವಾದ ಮೆಷಿನ್ ಬೇಕು.

ಇಲ್ಲಿ ಮೆಷಿನ್ ಉಳಿಸುವುದೂ ಒಂದು ಕೆಲಸ. ಪತ್ತನಾಜೆಯ (ಮೇ ಕೊನೆಗೆ ಬರುವ ತುಳು ದಿನ) ಆಚೀಚೆ ಮತ್ತು ಮಳೆಗಾಲ ಮುಗಿಯುವ ಹೊತ್ತಿನಲ್ಲಿ ಸಂಜೆ ಸಿಡಿಲು ಜಾಸ್ತಿ. ಮೋಡ ಕಟ್ಟಿದ ಕೂಡಲೇ ಪ್ಲಗ್ ಮಾತ್ರ ಅಲ್ಲ, ನೆಟ್‌ವರ್ಕ್ ಕೇಬಲನ್ನೂ ಕಿತ್ತಿಡಿ, ಸಿಡಿಲು ಅದರಿಂದಲೂ ಒಳಗೆ ಬರುತ್ತದೆ. ಆಟಿ (ಜುಲೈ-ಆಗಸ್ಟ್) ತಿಂಗಳ ತೇವಕ್ಕೆ ಒಳ್ಳೆಯ ಮದ್ದು ಮೆಷಿನನ್ನು ಓಡಿಸುವುದೇ. ವಾರಕ್ಕೆ ಕೆಲವು ಗಂಟೆ ಓಡಿದರೆ ಒಳಗಿನ ಬಿಸಿಗೆ ಬೋರ್ಡ್ ಒಣಗಿರುತ್ತದೆ. ಓಡಿಸಲು ಆಗದ ವಾರ ಒಳಗೆ ಸಿಲಿಕಾ ಜೆಲ್ ಚೀಲ ಇಡುತ್ತೇನೆ, ಆನ್ ಮಾಡುವ ಮೊದಲು ತೆಗೆಯುತ್ತೇನೆ. ಗೋಡೆಗೆ ತಾಗಿಸಿ ಇಡಬೇಡಿ.

ಹೊಸದಾಗಿ ಶುರು ಮಾಡುವವರಿಗೆ ಆಯ್ಕೆ ಇದ್ದರೆ ನಾನು ಸನ್ ಬ್ಲೇಡ್ 100 ಹುಡುಕಿ ಅನ್ನುತ್ತೇನೆ. ಅದು 2000ದಲ್ಲಿ ಬಂದದ್ದು, 500 ಮೆಗಾಹರ್ಟ್ಸ್, ಕೀಬೋರ್ಡ್ ಯುಎಸ್‌ಬಿಯದ್ದು. ಅಲ್ಟ್ರಾ 5 ಅಥವಾ ಅದೇ ಸಾಲಿನ ಅಲ್ಟ್ರಾ 10 ಸಿಕ್ಕರೆ ರ‍್ಯಾಮ್ ಜೋಡಿ ಇದೆಯಾ, ಎನ್‌ವಿರ‍್ಯಾಮ್ ಚಿಪ್ ಅದರ ಜಾಗದಲ್ಲಿ ಇದೆಯಾ ಅಂತ ಅಂಗಡಿಯಲ್ಲೇ ಮುಚ್ಚಳ ತೆಗೆದು ನೋಡಿ. ಡಿಸ್ಕ್ ಇಲ್ಲದಿದ್ದರೆ ಪರವಾಗಿಲ್ಲ, ಚಿಪ್ ಇಲ್ಲದಿದ್ದರೆ ಬೆಲೆ ಇಳಿಸಿ ಕೇಳಿ.