ಕೈ ಜಿಪಿಎಸ್ ತಪ್ಪು ಜಾಗ ತೋರಿಸಿದಾಗ ಮೊದಲು ನೋಡಬೇಕಾದದ್ದು

ಕೈಯಲ್ಲಿ ಹಿಡಿಯುವ ಜಿಪಿಎಸ್ ಉಪಕರಣವು ತಪ್ಪು ಸ್ಥಾನ ತೋರಿಸುತ್ತಿದೆ ಎಂದು ಅನುಮಾನ ಬಂದರೆ, ಅದನ್ನು ದುರಸ್ತಿಗೆ ಒಯ್ಯುವ ಮೊದಲು ತಪ್ಪಿನ ನಡವಳಿಕೆಯನ್ನು ಗಮನಿಸಬೇಕು. ಮಲ್ಪೆ ಬಂದರಿನ ಧಕ್ಕೆಯಂತಹ, ಸ್ಥಾನ ಖಚಿತವಾಗಿ ಗೊತ್ತಿರುವ ಮತ್ತು ಆಕಾಶ ಪೂರ್ತಿ ತೆರೆದಿರುವ ಜಾಗದಲ್ಲಿ ಉಪಕರಣವನ್ನಿಡಿ. ಬಹಳ ದಿನ ಆರಿಸಿಟ್ಟಿದ್ದರೆ ಉಪಗ್ರಹಗಳ ಪೂರ್ಣ ಪಟ್ಟಿಯನ್ನು ಪಡೆಯಲು ಅದಕ್ಕೆ ಹನ್ನೆರಡೂವರೆ ನಿಮಿಷ ಬೇಕು. ಆದ್ದರಿಂದ ಇಪ್ಪತ್ತು ನಿಮಿಷ ಕಾದು, ಆಮೇಲೆ ಎರಡು ನಿಮಿಷಕ್ಕೊಮ್ಮೆ ಅಂಕಿಗಳನ್ನು ಬರೆದುಕೊಳ್ಳಿ. ಅವು ಅತ್ತಿತ್ತ ಅಲೆದಾಡಿದರೆ ದೋಷ ಸಂಕೇತದ್ದು. ಒಂದೇ ದಿಕ್ಕಿಗೆ ಒಂದೇ ಅಳತೆಯಷ್ಟು ಸರಿದು ನಿಂತಿದ್ದರೆ, ಬಹುಮಟ್ಟಿಗೆ ಸೆಟ್ಟಿಂಗಿನದು.

ನನ್ನ ಅಭಿಪ್ರಾಯದಲ್ಲಿ ಎರಡನೆಯದನ್ನೇ ಮೊದಲು ಶಂಕಿಸಬೇಕು. ಅಂಕಿ ಬರೆಯುವ ಪದ್ಧತಿ ಬೇರೆಯಾದರೂ ಸ್ಥಾನ ಹೀಗೆ ಸರಿಯುತ್ತದೆ. ಬಲೆ ಹರಿಯುವ ಕಲ್ಲಿನ ಜಾಗದ ಅಕ್ಷಾಂಶವನ್ನು ಬೋಟು ನಡೆಸುವ ತಂಡೇಲರೊಬ್ಬರು 13 ಡಿಗ್ರಿ 21.50 ನಿಮಿಷ ಎಂದು ಗುರುತಿಸಿಕೊಂಡಿದ್ದಾರೆ ಎನ್ನೋಣ. ಇದು 21 ನಿಮಿಷ 30 ಸೆಕೆಂಡಿಗೆ ಸಮ. ಫೋನಿನಲ್ಲಿ ಕೇಳಿಸಿಕೊಂಡವರು ಅದನ್ನೇ 21 ನಿಮಿಷ 50 ಸೆಕೆಂಡ್ ಎಂದು ಬರೆದುಕೊಂಡರೆ, ಅಕ್ಷಾಂಶದ ಒಂದು ಸೆಕೆಂಡಿಗೆ ಸುಮಾರು 31 ಮೀಟರಿನಂತೆ, ಆ ಕಲ್ಲು ಆರುನೂರು ಮೀಟರಿಗೂ ಹೆಚ್ಚು ಉತ್ತರಕ್ಕೆ ಸರಿದುಬಿಡುತ್ತದೆ. ಉಪಕರಣದಲ್ಲಿ ಮಾತ್ರ ಯಾವ ದೋಷವೂ ಇರುವುದಿಲ್ಲ. ಇನ್ನೊಂದು ತೊಡಕು ಡೇಟಮ್ಮಿನದು, ಅಂದರೆ ಅಕ್ಷಾಂಶ-ರೇಖಾಂಶಗಳನ್ನು ಅಳೆಯಲು ಆಧಾರವಾಗಿ ಹಿಡಿಯುವ ಭೂಮಿಯ ಮಾನದ್ದು. ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ನಕಾಶೆಗಳು ಎವರೆಸ್ಟ್ ಮಾನವನ್ನೂ ಜಿಪಿಎಸ್ ಡಬ್ಲ್ಯೂಜಿಎಸ್ 84 ಮಾನವನ್ನೂ ಅನುಸರಿಸುವುದರಿಂದ, ಎರಡನ್ನೂ ಬೆರೆಸಿದರೆ ನಮ್ಮ ಕರಾವಳಿಯಲ್ಲಿ ನೂರು ಮೀಟರಿಗೂ ಮೀರಿದ ವ್ಯತ್ಯಾಸ ಬರುತ್ತದೆ. ನಕಾಶೆಯ ಅಂಚಿನಲ್ಲಿ ಮುದ್ರಿಸಿರುವ ಮಾನವನ್ನು ಓದಿ, ಉಪಕರಣದಲ್ಲೂ ಅದನ್ನೇ ಆರಿಸಿಕೊಳ್ಳಿ.

ಅಂಕಿಗಳು ಅಲೆದಾಡುತ್ತಿದ್ದರೆ ಸುತ್ತಲೂ ನೋಡಿ. ಸುಮಾರು 20,200 ಕಿಲೋಮೀಟರ್ ಎತ್ತರದ ಉಪಗ್ರಹಗಳಿಂದ ಸಂಕೇತ ಬಂದು ತಲುಪಲು ಹಿಡಿದ ಸಮಯವನ್ನು ಉಪಕರಣ ದೂರವಾಗಿ ಪರಿವರ್ತಿಸುತ್ತದೆ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ಆ ದೂರದಲ್ಲಿ 300 ಮೀಟರ್ ಏರುಪೇರಾಗುತ್ತದೆ. ಮಂಗಳೂರಿನ ಹಂಪನಕಟ್ಟೆಯ ಕಟ್ಟಡಗಳ ನಡುವೆ ಅಥವಾ ಕೆಂಪುಕಲ್ಲಿನ ಕೋರೆಯ ತಳದಲ್ಲಿ ಗೋಡೆಗೆ ಬಡಿದು ಬಂದ ಸಂಕೇತವು ಬಳಸುದಾರಿ ಹಿಡಿದು ತಡವಾಗುವುದರಿಂದ ಸ್ಥಾನ ಜಿಗಿಯುತ್ತದೆ. ಆಟಿ ತಿಂಗಳ ಮಳೆಯನ್ನು ದೂರುವವರು ಬಹಳ ಮಂದಿ. ವಾಸ್ತವದಲ್ಲಿ ಮೋಡ ಮತ್ತು ಮಳೆಹನಿಗಳು ಈ ಅಲೆಗಳಿಗೆ ಒಡ್ಡುವ ಅಡ್ಡಿ ಅತ್ಯಲ್ಪ, ಆಗುಂಬೆ ಘಾಟಿಯ ನೆನೆದ ಎಲೆಗಳ ಚಾವಣಿಯೇ ನಿಜವಾದ ತೊಡಕು. ಅಂಥಲ್ಲಿ ಉಪಕರಣವನ್ನು ಜೇಬಿನಿಂದ ಹೊರತೆಗೆದು, ನಾಲ್ಕಕ್ಕಿಂತ ಹೆಚ್ಚು ಉಪಗ್ರಹಗಳು, ಅದೂ ಆಕಾಶದ ಬೇರೆ ಬೇರೆ ದಿಕ್ಕುಗಳಲ್ಲಿ ಹರಡಿಕೊಂಡು, ಪರದೆಯಲ್ಲಿ ಕಾಣುವ ತನಕ ತೆರವಿನಲ್ಲಿ ನಿಲ್ಲಿ. ಉಕ್ಕಿನ ಬೋಟಿನಲ್ಲಾದರೆ ಕ್ಯಾಬಿನ್ನಿನಿಂದ ಹೊರಗೆ ಬಂದು ಅಳೆಯಿರಿ.

ಎತ್ತರದ ಅಂಕಿಯನ್ನು ಮಾತ್ರ ಬೇರೆಯಾಗಿ ಪರಿಗಣಿಸಬೇಕು. ಹಿಂದೂ ಮಹಾಸಾಗರದ ಭಾಗದಲ್ಲಿ ಗುರುತ್ವ ಕಡಿಮೆಯಿದ್ದು, ಜಿಪಿಎಸ್ ಎತ್ತರವನ್ನು ಅಳೆಯಲು ಆಧಾರವಾಗಿಟ್ಟುಕೊಳ್ಳುವ ಗಣಿತದ ಭೂಗೋಳಕ್ಕಿಂತ ಸಮುದ್ರ ಮಟ್ಟವೇ ತಗ್ಗಿರುವುದರಿಂದ, ಈ ವ್ಯತ್ಯಾಸವನ್ನು ತಿದ್ದಿಕೊಳ್ಳದ ಉಪಕರಣವು ಮಲ್ಪೆಯ ಮರಳಿನ ಮೇಲೆ ನಿಂತಿರುವಾಗಲೂ ಸೊನ್ನೆಗಿಂತ ಎಂಬತ್ತು-ತೊಂಬತ್ತು ಮೀಟರ್ ಕೆಳಗಿನ ಎತ್ತರವನ್ನು ತೋರಿಸಿದರೆ ಅದನ್ನು ಕೆಟ್ಟಿದೆ ಎನ್ನಲಾಗದು.