ಬೋರ್ ಬಿಟ್ ಮುದ್ದೆ ಕಟ್ಟದಂತೆ ನೋಡಿಕೊಳ್ಳುವುದು ಹೇಗೆ?

ಕೊಡಗಿನ ಅಕ್ಕಿ ತರಿಯ ಉಂಡೆ ಕಡಂಬುಟ್ಟು ಕಟ್ಟುವವರ ಕೈ ನೋಡಿದ್ದೀರಾ? ಉಂಡೆ ಕಟ್ಟುವ ಮುಂಚೆ ಒಮ್ಮೆ ಕೈ ನೀರಿಗೆ ಅದ್ದುತ್ತಾರೆ. ಎರಡು ಉಂಡೆಗೆ ಅದ್ದುವುದು ಮರೆತರೆ ಸಾಕು, ತರಿ ಬೆರಳಿನ ಸಂದಿಗೆಲ್ಲ ಮೆತ್ತಿಕೊಳ್ಳುತ್ತದೆ. ಆಮೇಲೆ ಕೈ ಬಿಡಿಸಿಕೊಳ್ಳುವುದೇ ದೊಡ್ಡ ಕೆಲಸ. ರಾಡ್ ತುದಿಯಲ್ಲಿದ್ದು ನೆಲ ಕೊರೆಯುತ್ತಾ ಜೇಡಿ ಮಣ್ಣಿಗೆ ಇಳಿದ ಬೋರ್ ಬಿಟ್‌ದೂ ಇದೇ ಪಾಡು.

ನಾನು ಬಹಳ ವರ್ಷ ತೈಲ ಬಾವಿ ಕೊರೆಯುವ ಯಂತ್ರದಲ್ಲಿ, ಅಂದರೆ ರಿಗ್‌ನಲ್ಲಿ ದುಡಿದವನು. ಈಗ ದಕ್ಷಿಣ ಕೊಡಗಿನಲ್ಲಿ ರೊಬಸ್ಟಾ, ಕಾಳುಮೆಣಸು ನೋಡಿಕೊಂಡಿದ್ದೇನೆ. ಒಂದು ಫೆಬ್ರವರಿಯಲ್ಲಿ, ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಓಡಿಸುವ ಹೊತ್ತಿಗೆ, ಪಕ್ಕದ ತೋಟದ ಕೆರೆ ತಳ ಕಂಡಿತ್ತು. ಬೋರ್ ಲಾರಿ ಬಂತು. ಮೇಲಿನ ಕೆಂಪು ಮಣ್ಣು ಬೆಣ್ಣೆಯ ಹಾಗೆ ಹೋಯಿತು. ಕೆಳಗೆ ಬಿಳಿ ಜೇಡಿ ಸಿಕ್ಕಿತು ನೋಡಿ, ರಾಡ್ ತಿರುಗುತ್ತಲೇ ಇದೆ, ಆಳ ಮಾತ್ರ ಏರುತ್ತಿಲ್ಲ. ಡ್ರಿಲ್ಲರ್ ಹುಡುಗ ಇನ್ನಷ್ಟು ಭಾರ ಕೊಟ್ಟ. ಎರಡು ಗಂಟೆ ಕಳೆದು ಮೇಲೆತ್ತಿದರೆ ಬಿಟ್ ಕಾಣಲೇ ಇಲ್ಲ. ತೆಂಗಿನಕಾಯಿ ಗಾತ್ರದ ಮಣ್ಣುಂಡೆಯೊಂದು ರಾಡ್ ತುದಿಯಲ್ಲಿ ತೂಗುತ್ತಿತ್ತು. ಹಲ್ಲು ಎಲ್ಲಿದೆ ಎಂದು ಕತ್ತಿ ಹಾಕಿ ಕೆರೆದು ಹುಡುಕಬೇಕಾಯಿತು.

ಹುಡುಗನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ರಿಗ್‌ಗೆ ಸೇರಿದ ಹೊಸದರಲ್ಲಿ ನಾನೂ ಇದನ್ನೇ ಮಾಡಿದ್ದೆ. ಅಂಟು ಮಣ್ಣಿಗೆ ಭಾರದ ಮೇಲೆ ಭಾರ ಹೇರಿ, ಕೊನೆಗೆ ಇಡೀ ರಾತ್ರಿ ಪೈಪು ಎತ್ತಿ ಇಳಿಸುವ ಶಿಕ್ಷೆ ಅನುಭವಿಸಿದ್ದೆ. ಬಿಟ್‌ನ ಹಲ್ಲು ಮಣ್ಣು ಕೀಳುತ್ತದೆ, ಸರಿ. ಕಿತ್ತ ಮಣ್ಣನ್ನು ಅಲ್ಲಿಂದ ಆಚೆ ಹಾಕುವವರು ಯಾರು? ಬಿಟ್ ಒಳಗಿಂದ ಚಿಮ್ಮುವ ಕೆಸರು ನೀರಿನ ಧಾರೆ. ಆ ಧಾರೆಗೆ ಜೋರು ಇಲ್ಲದಿದ್ದರೆ ಎಂಥ ಬಿಟ್ ತಂದರೂ ಅಷ್ಟೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಬರುವ ಬಹುಪಾಲು ಬೋರ್ ಲಾರಿಗಳು ಕಂಪ್ರೆಸರ್ ಗಾಳಿಯಿಂದ ಹ್ಯಾಮರ್ ಬಡಿಯುವಂಥವು. ಗಟ್ಟಿ ಬಂಡೆಗೆ ಅದೇ ಸರಿ. ಆದರೆ ಮೇಲೆ ದಪ್ಪ ಮಣ್ಣು, ಜೇಡಿ, ಕುಸಿಯುವ ಪದರ ಇದ್ದಾಗ ಕೆಸರು ನೀರು ತಳ್ಳುವ ಮಡ್ ಪಂಪ್ ಇರುವ, ಬಿಟ್ ತಿರುಗಿಸಿ ಕೊರೆಯುವ ರೋಟರಿ ರಿಗ್ ಬೇಕಾಗುತ್ತದೆ. ಈ ಲೇಖನ ಅದರದ್ದು. ಗಾಳಿ ಹ್ಯಾಮರ್ ಬಗ್ಗೆ ಕೊನೆಯ ಹತ್ತಿರ ಎರಡು ಮಾತು ಇದೆ.

ಕೆಲಸ ಹೇಗೆ ನಡೆಯುತ್ತದೆ?

ಪಂಪ್ ಕೆಸರು ನೀರನ್ನು ಟೊಳ್ಳು ರಾಡ್ ಒಳಗೆ ತಳ್ಳುತ್ತದೆ. ಅದು ಬಿಟ್‌ನ ನಾಜಲ್‌ಗಳಿಂದ, ಅಂದರೆ ಸಣ್ಣ ತೂತುಗಳಿಂದ, ಚಿಮ್ಮಿ ಬೋರಿನ ತಳಕ್ಕೆ ಬಡಿಯುತ್ತದೆ. ಅಲ್ಲಿನ ಚೂರುಗಳನ್ನು ಎತ್ತಿಕೊಂಡು ರಾಡ್ ಮತ್ತು ಬೋರಿನ ಗೋಡೆ ನಡುವಿನ ಸಂದಿಯಲ್ಲಿ ಮೇಲೆ ಬರುತ್ತದೆ. ಅಲ್ಲಿಗೆ ಅದಕ್ಕೆ ಎರಡು ಕೆಲಸ ಆಯಿತು. ತಳದಲ್ಲಿ ತೊಳೆಯಬೇಕು, ಸಂದಿಯಲ್ಲಿ ಹೊರಬೇಕು. ಹೊರುವುದಕ್ಕೆ ನೀರಿನ ಪ್ರಮಾಣ ಬೇಕು. ತೊಳೆಯುವುದಕ್ಕೆ ವೇಗ ಬೇಕು. ಇವೆರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಮುಕ್ಕಾಲು ಎಡವಟ್ಟು.

ಹೋವರ್ಡ್ ಹ್ಯೂಸ್ ಸೀನಿಯರ್ ಅಮೆರಿಕದಲ್ಲಿ ಹಲ್ಲಿರುವ ಎರಡು ಶಂಕು (ಕೋನ್) ಉರುಳುವ ಬಿಟ್‌ಗೆ ಪೇಟೆಂಟ್ ಪಡೆದದ್ದು 1909ರಲ್ಲಿ. ಮೂರು ಕೋನ್‌ನ ಬಿಟ್ ಬಂದದ್ದು 1930ರ ದಶಕದಲ್ಲಿ. ಆಗೆಲ್ಲ ಕೆಸರು ನೀರು ದೊಡ್ಡ ತೂತಿನಿಂದ ನಿಧಾನವಾಗಿ ಕೋನ್‌ಗಳ ಮೇಲೆ ಸುರಿಯುತ್ತಿತ್ತು. ಸಣ್ಣ ನಾಜಲ್‌ನಿಂದ ನೇರವಾಗಿ ತಳಕ್ಕೇ ಹೊಡೆಯುವ ಜೆಟ್ ಬಿಟ್‌ಗಳು ಬಳಕೆಗೆ ಬಂದದ್ದು 1940ರ ದಶಕದ ಕೊನೆಗೆ. ಹಲ್ಲಿನ ಉಕ್ಕು ಬದಲಾಗಲಿಲ್ಲ, ನೀರು ಹೊಡೆಯುವ ರೀತಿ ಬದಲಾಯಿತು. ಅಷ್ಟಕ್ಕೇ ಕೊರೆಯುವ ವೇಗ ಏರಿತು.

ಹೆಜ್ಜೆ 1: ಗುಂಡಿ ತೋಡಿ, ಕೆಸರು ಕಲಸಿ

165 ಮಿಲಿಮೀಟರ್, ಅಂದರೆ ಆರೂವರೆ ಇಂಚಿನ ಬೋರ್ 60 ಮೀಟರ್ ಇಳಿದರೆ ಅದರೊಳಗೆ ಸುಮಾರು 1,280 ಲೀಟರ್ ಹಿಡಿಯುತ್ತದೆ. ಕೆಸರು ಗುಂಡಿಗಳಿಗೆ ಅದರ ಮೂರು ಪಟ್ಟು ಜಾಗ ಇರಲಿ, ಹತ್ತಿರ ಹತ್ತಿರ 4,000 ಲೀಟರ್. ಒಂದೇ ಗುಂಡಿ ಬೇಡ. ಮೊದಲ ಗುಂಡಿಯಲ್ಲಿ ಮರಳು, ಚೂರು ಕೆಳಗೆ ಕೂರಬೇಕು. ಎರಡನೆಯದರಿಂದ ಪಂಪ್ ಎಳೆಯಬೇಕು. ಬೇಗ ಮುಗಿಯಲಿ ಅಂತ ಒಂದೇ ಗುಂಡಿ ಮಾಡಿದರೆ ಅದೇ ಮರಳು ತಿರುಗಿ ಪಂಪಿಗೆ, ನಾಜಲ್‌ಗೆ ಹೋಗಿ ಉಜ್ಜುತ್ತದೆ.

ಗುಂಡಿ ಎಲ್ಲಿ ತೋಡುತ್ತೀರಿ ಎನ್ನುವುದು ಕೊಡಗಿನಲ್ಲಿ ಸಣ್ಣ ವಿಷಯ ಅಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದ್ದನ್ನು ಕಂಡವರು ನಾವು. ಇಳಿಜಾರಿನ ಅಂಚಿನಲ್ಲಿ ನೀರು ನಿಲ್ಲಿಸಬೇಡಿ. ತೋಡಿಗೆ ಹರಿಯುವ ಕಡೆಗೂ ಬೇಡ. ಸಮತಟ್ಟಾದ ಜಾಗ ನೋಡಿ. ಮಳೆ ಹಿಡಿಯುವ ಮುಂಚೆ ಕೆಲಸ ಮುಗಿಸಿ.

ಕೆಸರು ಕಲಸುವುದು ಬೆಂಟೊನೈಟ್ ಹಾಕಿ. ಅದು ನಮ್ಮ ದೇಶದಲ್ಲಿ ಕಛ್ ಮತ್ತು ಬಾಡ್ಮೇರ್ ಕಡೆಯಿಂದ ಬರುವ ಮಣ್ಣು. ನೀರು ಕುಡಿದು ಉಬ್ಬಲು ಅದಕ್ಕೆ ಹೊತ್ತು ಬೇಕು. ಹಿಂದಿನ ಸಂಜೆಯೇ ಕಲಸಿಟ್ಟರೆ ಒಳ್ಳೆಯದು. ನೀರು ಹುಳಿ ಸ್ವಭಾವದ್ದಾದರೆ ಮೊದಲು ಸ್ವಲ್ಪ ಸೋಡಾ ಆ್ಯಶ್ ಹಾಕಿ, ಪಿಎಚ್ 8.5ರಿಂದ 9ಕ್ಕೆ ತಂದುಕೊಂಡು ಆಮೇಲೆ ಬೆಂಟೊನೈಟ್ ಹಾಕಿ.

ಮಂದ ನೋಡಲು ಮಾರ್ಷ್ ಫನಲ್ ಎಂಬ ಲಾಳಿಕೆ ಇದೆ. 946 ಮಿಲಿಲೀಟರ್ ಬರೀ ನೀರು ಅದರಿಂದ ಇಳಿಯಲು 26 ಸೆಕೆಂಡ್ ಬೇಕು. ನಮ್ಮ ಕೆಸರು 35 ಸೆಕೆಂಡಿನ ಆಸುಪಾಸು ಇದ್ದರೆ ಸಾಕು. ಮಂದ ಜಾಸ್ತಿ ಆದರೆ ಗಟ್ಟಿಮುಟ್ಟು ಅಂತ ಕೆಲವರು ಭಾವಿಸುತ್ತಾರೆ. ಹಾಗಲ್ಲ. ಮಂದ ಕೆಸರಿಗೆ ರಾಡ್ ಒಳಗೇ ಒತ್ತಡ ಖರ್ಚಾಗುತ್ತದೆ, ನಾಜಲ್ ತಲುಪುವಾಗ ಕಸುವು ಉಳಿದಿರುವುದಿಲ್ಲ. ಅದೂ ಅಲ್ಲದೆ ಜೇಡಿ ಪದರದಲ್ಲಿ ನೆಲವೇ ಕೆಸರು ಕೊಡುತ್ತದೆ. ಅಲ್ಲಿ ಬೆಂಟೊನೈಟ್ ಸುರಿಯುವುದಕ್ಕಿಂತ ನೀರು ಸೇರಿಸಿ ತೆಳು ಮಾಡುವ ಕೆಲಸವೇ ಜಾಸ್ತಿ ಬರುತ್ತದೆ.

ಹೆಜ್ಜೆ 2: ನಾಜಲ್ ಆರಿಸಿ

ಇಡೀ ಕೆಲಸದ ಗುಟ್ಟು ಇಲ್ಲಿದೆ, ಸ್ವಲ್ಪ ನಿಂತು ನೋಡೋಣ.

ಮೆಣಸಿನ ಬಳ್ಳಿಗೆ ಬೋರ್ಡೋ ಹೊಡೆದವರಿಗೆ ಇದು ಗೊತ್ತಿರುವ ಸಂಗತಿಯೇ. ಗನ್ನಿನ ತೂತು ಸಣ್ಣದಿದ್ದರೆ ದ್ರಾವಣ ಸಿಲ್ವರ್ ಓಕ್‌ನ ಮೇಲಿನವರೆಗೆ ಚಿಮ್ಮುತ್ತದೆ. ತೂತು ಸವೆದು ದೊಡ್ಡದಾದರೆ ಪಂಪ್ ಅಷ್ಟೇ ಓಡಿದರೂ ಧಾರೆ ಅರ್ಧ ಮರಕ್ಕೇ ಸೋತು ಬೀಳುತ್ತದೆ. ನೀರು ಅಷ್ಟೇ, ವೇಗ ಮಾತ್ರ ಇಲ್ಲ. ಬಿಟ್‌ನಲ್ಲೂ ಅದೇ.

ಲೆಕ್ಕ ಹಾಕೋಣ. ಪಂಪ್ ನಿಮಿಷಕ್ಕೆ 600 ಲೀಟರ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಆರೂವರೆ ಇಂಚು ಬೋರ್, ಮೂರೂವರೆ ಇಂಚು ರಾಡ್. ಸಂದಿಯಲ್ಲಿ ಕೆಸರು ನಿಮಿಷಕ್ಕೆ ಸುಮಾರು 40 ಮೀಟರ್ ಏರುತ್ತದೆ. ಚೂರು ಹೊತ್ತು ತರಲು ಇದು ಸಾಕು. ಈಗ ಬಿಟ್‌ನಲ್ಲಿ 12 ಮಿಲಿಮೀಟರಿನ ಮೂರು ನಾಜಲ್ ಇದ್ದರೆ ಧಾರೆಯ ವೇಗ ಸೆಕೆಂಡಿಗೆ ಸುಮಾರು 30 ಮೀಟರ್. ಅದನ್ನೇ 9 ಮಿಲಿಮೀಟರಿಗೆ ಇಳಿಸಿದರೆ 52 ಮೀಟರ್, ಗಂಟೆಗೆ ಲೆಕ್ಕ ಹಾಕಿದರೆ 180 ಕಿಲೋಮೀಟರಿಗೂ ಮೇಲೆ! ನೀರು ಒಂದು ಲೀಟರೂ ಜಾಸ್ತಿ ಆಗಿಲ್ಲ.

ಆದರೆ ಪುಕ್ಕಟೆ ಅಲ್ಲ. 12ರ ನಾಜಲ್‌ಗೆ ಬಿಟ್‌ನಲ್ಲಿ ಸುಮಾರು 5 ಬಾರ್ ಒತ್ತಡ ಸಾಕಿತ್ತು. 9ಕ್ಕೆ 16 ಬಾರ್ ಬೇಕು. ವೇಗ ಎರಡು ಪಟ್ಟೂ ಆಗಿಲ್ಲ, ಒತ್ತಡ ಮೂರು ಪಟ್ಟು ದಾಟಿತು. ನಿಮ್ಮ ಪಂಪಿಗೆ ಅಷ್ಟು ತಾಕತ್ತು ಇದೆಯೇ? ಇಲ್ಲದಿದ್ದರೆ 10ಕ್ಕೋ 11ಕ್ಕೋ ನಿಲ್ಲಿಸಿ. ತೈಲ ಬಾವಿಯವರು ಪಂಪ್ ಒತ್ತಡದಲ್ಲಿ ಅರ್ಧದಿಂದ ಮೂರನೇ ಎರಡು ಭಾಗ ಬಿಟ್‌ನಲ್ಲೇ ಖರ್ಚಾಗುವಂತೆ ನಾಜಲ್ ಆರಿಸುತ್ತಾರೆ. ಅವರ ಧಾರೆ ಸೆಕೆಂಡಿಗೆ 100 ಮೀಟರಿನ ಆಸುಪಾಸು ಇರುತ್ತದೆ. ತೋಟದ ಬೋರ್‌ಗೆ ಅಷ್ಟೆಲ್ಲ ಬೇಡ.

ಇನ್ನೊಂದು ತಂತ್ರ ನನಗೆ ಇಷ್ಟ. ಮೂರೂ ನಾಜಲ್ ಒಂದೇ ಗಾತ್ರ ಇರಲೇಬೇಕು ಅಂತಿಲ್ಲ. ಒಂದನ್ನು ಸಣ್ಣದು ಮಾಡಿ, ಅಥವಾ ಪೂರ್ತಿ ಮುಚ್ಚಿ. ಮೂರು ಕಡೆಯಿಂದಲೂ ಸಮನಾಗಿ ಹೊಡೆದರೆ ಧಾರೆಗಳು ನಡುವೆ ಒಂದಕ್ಕೊಂದು ಗುದ್ದಾಡಿ ಅಲ್ಲೇ ಸುಳಿ ಕಟ್ಟುತ್ತವೆ, ಚೂರು ಹೊರಗೆ ಹೋಗುವುದಿಲ್ಲ. ಒಂದು ಕಡೆ ಸಡಿಲ ಬಿಟ್ಟರೆ ನೀರು ತಳವನ್ನು ಪೊರಕೆಯಂತೆ ಗುಡಿಸಿಕೊಂಡು ಆ ಕಡೆಯಿಂದ ಮೇಲೇರುತ್ತದೆ. ಅಂಗಳ ಗುಡಿಸುವಾಗ ಕಸವನ್ನು ಒಂದು ದಿಕ್ಕಿಗೆ ತಳ್ಳುತ್ತೇವೆ ಅಲ್ವಾ, ಹಾಗೆ.

ಧಾರೆ ದೂರ ಹೋದಷ್ಟೂ ಸುತ್ತಲಿನ ಕೆಸರನ್ನು ಎಳೆದುಕೊಂಡು ಸುಸ್ತಾಗುತ್ತದೆ. ನಾಜಲ್ ಬಾಯಿ ತಳಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಮೂರು ರೆಕ್ಕೆಯ ಬ್ಲೇಡ್ ಬಿಟ್ ಆದರೆ ಧಾರೆ ರೆಕ್ಕೆಯ ಮುಂದಿನ ಮುಖಕ್ಕೆ ತಾಗುವಂತಿರಬೇಕು. ಮಣ್ಣು ಮೊದಲು ಮೆತ್ತುವುದು ಅಲ್ಲೇ.

ಹೆಜ್ಜೆ 3: ಇಳಿಸುವ ಮುಂಚೆ ಕಣ್ಣು ಹಾಯಿಸಿ

ಹಳೆ ಬಿಟ್ ಆದರೆ ಪ್ರತಿ ನಾಜಲ್‌ಗೂ ಗಾತ್ರ ಗೊತ್ತಿರುವ ಕೈ ಡ್ರಿಲ್ ಮೆಷಿನ್‌ನ ಸಣ್ಣ ಬಿಟ್‌ನ ಹಿಂಬದಿ ತೂರಿಸಿ ಅಳೆಯಿರಿ. 9 ಮಿಲಿಮೀಟರ್ ಇದ್ದದ್ದು 10 ಆಗಿದ್ದರೆ, ಒಂದೇ ಒಂದು ಮಿಲಿಮೀಟರ್, ಬಿಟ್‌ನಲ್ಲಿನ ಒತ್ತಡ ಮೂರನೇ ಒಂದು ಭಾಗ ಕಳೆದುಹೋಗಿದೆ ಎಂದೇ ಲೆಕ್ಕ. ಪಕ್ಕದ ತೋಟಕ್ಕೆ ಬಂದಿದ್ದ ಬಿಟ್‌ನಲ್ಲಿ ಒಂದು ನಾಜಲ್ ಇರಲೇ ಇಲ್ಲ, ಬರೀ ತೂತು. ಕೆಸರೆಲ್ಲ ಆ ದಾರಿ ಹಿಡಿದು ಸುಮ್ನೆ ಹರಿದುಹೋಗುತ್ತಿತ್ತು. ಉಳಿದ ಎರಡು ಇದ್ದೂ ಇಲ್ಲದಂತೆ.

ಆಮೇಲೆ ಬಿಟ್ ಅನ್ನು ನೆಲದ ಮೇಲೇ ಇಟ್ಟು ಒಮ್ಮೆ ಪಂಪ್ ಓಡಿಸಿ ನೋಡಿ. ಎಲ್ಲ ಧಾರೆಗಳೂ ನೇರ, ಗಟ್ಟಿಯಾಗಿ ಬರಬೇಕು. ಗೇಜ್ ತೋರಿಸುವ ಒತ್ತಡವನ್ನು ಬರೆದಿಟ್ಟುಕೊಳ್ಳಿ. ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದ ಕೊನೆ ಹಾಳೆ ಆದರೂ ಸರಿ. ಮುಂದೆ ಆ ಸಂಖ್ಯೆಯೇ ನಿಮಗೆ ದಿಕ್ಕು ತೋರಿಸುವುದು.

ಹೆಜ್ಜೆ 4: ಪಂಪ್ ಮೊದಲು, ತಳ ಆಮೇಲೆ

ತಳ ಇನ್ನು ಒಂದೆರಡು ಮೀಟರ್ ಇರುವಾಗಲೇ ಪಂಪ್ ಹಚ್ಚಿ, ರಾಡ್ ತಿರುಗಿಸಿ, ಮೆಲ್ಲಗೆ ಇಳಿಯಿರಿ. ಪಂಪ್ ಇಲ್ಲದೆ ಬಿಟ್ ಅನ್ನು ತಳದ ಕೆಸರಿಗೆ ಊರಿದರೆ ಕೊರೆಯುವ ಮುಂಚೆಯೇ ನಾಜಲ್ ಬಾಯಿ ಮುಚ್ಚಿಹೋಗುತ್ತದೆ. ಹೊಸ ರಾಡ್ ಜೋಡಿಸುವಾಗಲೂ ಇದೇ ನಿಯಮ. ಮೊದಲು ಬಿಟ್ ಎತ್ತಿ, ಒಂದೆರಡು ನಿಮಿಷ ತೊಳೆಯಲು ಬಿಡಿ, ಆಮೇಲೆ ಪಂಪ್ ನಿಲ್ಲಿಸಿ.

ಜೇಡಿಯಲ್ಲಿ ಭಾರ ಕಡಿಮೆ, ತಿರುಗುವ ವೇಗ ಸ್ವಲ್ಪ ಜಾಸ್ತಿ. ತೊಳೆಯುವಷ್ಟೇ ಕೊರೆಯಬೇಕು. ಇದು ಡ್ರಿಲ್ಲರ್‌ಗಳಿಗೆ ಹಿಡಿಸದ ಮಾತು, ಯಾಕೆಂದರೆ ಕೂಲಿ ಅಡಿ ಲೆಕ್ಕದಲ್ಲಿ.

ಹೆಜ್ಜೆ 5: ಮುದ್ದೆ ಕಟ್ಟುವ ಮುಂಚೆ ಗುರುತು ಹಿಡಿಯಿರಿ

ಕೊರೆತ ನಿಧಾನವಾಯಿತು. ಭಾರ ಕೊಟ್ಟರೂ ಏರುತ್ತಿಲ್ಲ, ಇನ್ನೂ ನಿಧಾನವಾಯಿತು. ಹಲ್ಲು ಕಚ್ಚುವಾಗಿನ ನಡುಕ ನಿಂತು ರಾಡ್ ನುಣ್ಣಗೆ ತಿರುಗುತ್ತಿದೆ. ಗೇಜ್ ಸ್ವಲ್ಪ ಮೇಲೆ ಸರಿದಿದೆ. ಮೇಲೆತ್ತಿದರೆ ಬಾವಿಯ ಬಾಯಿಯಿಂದ ಕೆಸರೂ ಜೊತೆಗೇ ಉಕ್ಕುತ್ತಿದೆ, ಸಿರಿಂಜ್ ಎಳೆದ ಹಾಗೆ. ಇಷ್ಟು ಕಂಡರೆ ಮುದ್ದೆ ಕಟ್ಟಿದೆ ಅಂತಲೇ ತಿಳಿಯಿರಿ. ನುಣ್ಣಗೆ ತಿರುಗುತ್ತಿದೆ, ಚೆನ್ನಾಗಿ ಹೋಗುತ್ತಿದೆ ಎಂದು ಮೋಸ ಹೋಗುವವರೇ ಜಾಸ್ತಿ.

ಗೇಜ್ ಥಟ್ಟನೆ ಮೇಲೆ ಹಾರಿದರೆ ಕಥೆ ಬೇರೆ, ಯಾವುದೋ ನಾಜಲ್‌ಗೆ ಕಲ್ಲು ಸಿಕ್ಕಿದೆ. ಥಟ್ಟನೆ ಬಿದ್ದರೆ ನಾಜಲ್ ಕಿತ್ತುಹೋಗಿದೆ, ಇಲ್ಲವೇ ರಾಡ್ ಎಲ್ಲೋ ತೂತಾಗಿದೆ. ಪಂಪೇ ಕೈಕೊಟ್ಟಿದ್ದರೂ ಗೇಜ್ ಬೀಳುತ್ತದೆ, ಅದನ್ನೂ ಒಮ್ಮೆ ನೋಡಿ.

ಹೆಜ್ಜೆ 6: ಕಟ್ಟಿದ ಮೇಲೆ ಬಿಡಿಸುವುದು

ಮೊದಲು ಭಾರ ತೆಗೆಯಿರಿ. ಬಿಟ್ ಅನ್ನು ಅರ್ಧ ಮೀಟರ್ ಮೇಲೆತ್ತಿ. ಪಂಪ್ ಪೂರ್ತಿ ಬಿಡಿ, ರಾಡ್ ಜೋರಾಗಿ ತಿರುಗಿಸಿ, ಐದತ್ತು ನಿಮಿಷ ತಾಳ್ಮೆ ಇರಲಿ. ನಡುನಡುವೆ ಮೇಲೆ ಕೆಳಗೆ ಆಡಿಸಿ. ಜೀಪಿನ ಚಕ್ರಕ್ಕೆ ಹಿಡಿದ ಮಣ್ಣು ಪೈಪಿನ ನೀರಿಗೆ ಹೆಂಟೆ ಹೆಂಟೆಯಾಗಿ ಬಿಡುವಂತೆ ಇದೂ ಬಿಡಬೇಕು. ಬಿಟ್ಟರೆ ಸಂದಿಯಿಂದ ಬರುವ ಕೆಸರಿನಲ್ಲಿ ದಪ್ಪ ದಪ್ಪ ಮಣ್ಣು ಕಾಣುತ್ತದೆ, ಗೇಜ್ ನೀವು ಬರೆದಿಟ್ಟ ಅಂಕಿಯತ್ತ ಇಳಿಯುತ್ತದೆ.

ಬಿಡದಿದ್ದರೆ ಬೋರ್‌ಗೆಂದೇ ಸಿಗುವ ಡ್ರಿಲ್ಲಿಂಗ್ ಸೋಪು ಸ್ವಲ್ಪ ಕಲಸಿ ಒಮ್ಮೆ ತಳ್ಳಿ ನೋಡಿ. ಅದಕ್ಕೂ ಜಗ್ಗದಿದ್ದರೆ ಮೇಲೆತ್ತಿ ಕೈಯಿಂದ ತೆಗೆಯುವುದೇ ದಾರಿ. ಕೆಲವರು ಡೀಸೆಲ್ ಸುರಿಯಲು ಹೇಳುತ್ತಾರೆ. ತೈಲ ಬಾವಿಗಳಲ್ಲಿ ಅಂಥ ಅಭ್ಯಾಸ ಇತ್ತು, ಅಂಟು ಕಡಿಮೆಯಾಗುವುದೂ ನಿಜ. ಆದರೆ ನಾಳೆ ನಿಮ್ಮ ಮನೆಯವರು, ಕಾರ್ಮಿಕರ ಲೈನ್ ಮನೆಯ ಮಕ್ಕಳು ಕುಡಿಯುವ ನೀರು ಅದು. ಬೇಡವೇ ಬೇಡ.

ಗಾಳಿ ಹ್ಯಾಮರ್ ಇದ್ದರೆ

ಅಲ್ಲಿ ತೊಳೆಯುವುದು ಗಾಳಿ. ಪುಡಿ ಒಣಗಿದ್ದರೆ ಹಾರಿ ಬರುತ್ತದೆ, ನೀರು ಜಾಸ್ತಿ ಇದ್ದರೆ ಕೆಸರಾಗಿ ಬರುತ್ತದೆ. ತೊಂದರೆ ಇರುವುದು ನಡುವಿನ ಹದದಲ್ಲಿ. ಬರೀ ತೇವ ಇದ್ದಾಗ ಪುಡಿ ಉಂಡೆಯಾಗಿ ರಾಡ್ ಸುತ್ತ ಬಳೆಯಂತೆ ಕಟ್ಟುತ್ತದೆ, ಹ್ಯಾಮರ್ ಸಿಕ್ಕಿಹಾಕಿಕೊಳ್ಳಬಹುದು. ಆಗ ನೀರು ನಿಲ್ಲಿಸುವುದಲ್ಲ, ಇನ್ನಷ್ಟು ನೀರು, ಬೇಕಾದರೆ ನೊರೆ ಸೇರಿಸಿ. ಕಡಂಬುಟ್ಟಿನ ಕೈ ನೆನಪಿದೆಯಲ್ಲ.

ಕೊನೆಗೆ

ಬೋರ್ ಮುಗಿದ ದಿನವೇ ಬೆಂಟೊನೈಟ್ ತೊಳೆದು ತೆಗೆಯಿರಿ. ಬೋರಿನ ಗೋಡೆ ಕುಸಿಯದಂತೆ ಹಿಡಿದ ಅದೇ ಪದರ ನೀರಿನ ಸೆಲೆಯ ಬಾಯನ್ನೂ ಮುಚ್ಚಿರುತ್ತದೆ. ಕೇಸಿಂಗ್ ಕೂರಿಸಿದ ಮೇಲೆ ಶುದ್ಧ ನೀರು ಬಿಟ್ಟು, ಗಾಳಿಯಿಂದ ಊದಿ, ತಿಳಿ ನೀರು ಬರುವವರೆಗೂ ಬಿಡಬೇಡಿ. ಲಾರಿಯವರಿಗೆ ಮುಂದಿನ ಜಾಗಕ್ಕೆ ಹೋಗುವ ಅವಸರ ಇರುತ್ತದೆ, ಈ ಕೆಲಸ ಆಗುವವರೆಗೆ ಬಾಕಿ ದುಡ್ಡು ಕೈಯಲ್ಲೇ ಇರಲಿ.

ಪಕ್ಕದ ತೋಟದಲ್ಲಿ ಮಾರನೇ ದಿನ ಗೋಣಿಕೊಪ್ಪಲಿಗೆ ಹೋಗಿ ಲೇತ್‌ನಲ್ಲಿ ಮೂರು ನಾಜಲ್ ಮಾಡಿಸಿ ತಂದೆವು. ಎರಡು 10ರದ್ದು, ಒಂದು 8ರದ್ದು. ಬರೀ ಉಕ್ಕಿನವು, ಟಂಗ್‌ಸ್ಟನ್ ಕಾರ್ಬೈಡ್ ಆಗಿದ್ದರೆ ಬಹಳ ದಿನ ಬಾಳುತ್ತಿದ್ದವು. ಮಧ್ಯಾಹ್ನದ ಊಟದ ಹೊತ್ತಿಗೆ ಬಿಟ್ ಜೇಡಿ ದಾಟಿ ಕಲ್ಲು ಮುಟ್ಟಿತು. ಸಂಜೆ ಬಿಚ್ಚಿ ಅಳೆದಾಗ 8ರದ್ದು ಆಗಲೇ 9ರ ಹತ್ತಿರ ಬಂದಿತ್ತು.