ಅಮೆರಿಕದಲ್ಲಿ ಪರಿಸರ ಮತ್ತು ಔದ್ಯೋಗಿಕ ಆರೋಗ್ಯ ಓದಬೇಕೆ? ಮೊದಲು ಫೀಸು ಯಾರು ಕಟ್ತಾರೆ ಕೇಳಿ

ಕನ್ನಡ ಕೂಟದಲ್ಲಿ ಸಿಕ್ಕವರು ಮೊದಲು ಕೇಳುವುದು ಒಂದೇ. "ಈ ಸಬ್ಜೆಕ್ಟ್‌ಗೆ ಯಾವ ಯೂನಿವರ್ಸಿಟಿ ಒಳ್ಳೇದು?" ನಾನು ತಿರುಗಿ ಕೇಳುತ್ತೇನೆ: "ನಿಮ್ಮದು ಯಾವ ವೀಸಾ? ಕೈಗೆ ಬೇಕಿರೋದು ಕೆಲಸವೋ, ಸಂಶೋಧನೆಯೋ?" ಇವೆರಡಕ್ಕೆ ಉತ್ತರ ಗೊತ್ತಿಲ್ಲದೆ ಸುಮ್ನೆ ರ‍್ಯಾಂಕಿಂಗ್ ನೋಡಿ ಅರ್ಜಿ ಹಾಕಿ, ಆಮೇಲೆ ದೊಡ್ಡ ಸಾಲ ಹೊತ್ತವರನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ನಮ್ಮ ಕಡೆ ಪರಿಸರ ಅಂದರೆ ಹೆಚ್ಚಾಗಿ ಸಿವಿಲ್ ಎಂಜಿನಿಯರಿಂಗ್ ಪಕ್ಕದ ವಿಷಯ. ಇಲ್ಲಿ ಹಾಗಲ್ಲ. ಕುಡಿಯುವ ನೀರಿನ ಸೀಸ, ಹೊಲದ ಕೀಟನಾಶಕ, ಕಾರ್ಖಾನೆಯ ಧೂಳು, ಸದ್ದು, ಬಿಸಿ ಎಲ್ಲವೂ ಸಾಮಾನ್ಯವಾಗಿ ಪಬ್ಲಿಕ್ ಹೆಲ್ತ್ ಸ್ಕೂಲಿನ ಒಂದೇ ವಿಭಾಗದೊಳಗೆ ಬರುತ್ತವೆ. ಇದರಲ್ಲಿ ಕೆಲಸಗಾರರ ಆರೋಗ್ಯದ ಭಾಗದ ಬೇರು 1970ರ ಒಂದು ಕಾಯ್ದೆಯಲ್ಲಿದೆ. ಅದರಿಂದ ಎರಡು ಸಂಸ್ಥೆ ಹುಟ್ಟಿದವು. ಓಶಾ (OSHA) ಕೆಲಸದ ಜಾಗದ ಸುರಕ್ಷತೆಗೆ ನಿಯಮ ಮಾಡಿ ತಪಾಸಣೆ ನಡೆಸುತ್ತದೆ. ನಯಾಶ್ (NIOSH) ಸಂಶೋಧನೆ ಮಾಡುತ್ತದೆ, ಯೂನಿವರ್ಸಿಟಿಗಳಿಗೆ ತರಬೇತಿಯ ದುಡ್ಡೂ ಕೊಡುತ್ತದೆ.

ಆ ದುಡ್ಡಿನಿಂದ ನಡೆಯುವ 18 ಶಿಕ್ಷಣ ಮತ್ತು ಸಂಶೋಧನಾ ಕೇಂದ್ರಗಳಿವೆ. ಸಿಯಾಟಲ್‌ನ ವಾಷಿಂಗ್ಟನ್ ಯೂನಿವರ್ಸಿಟಿ, ಸಿನ್ಸಿನಾಟಿ, ಅಯೋವಾ, ಜಾನ್ಸ್ ಹಾಪ್ಕಿನ್ಸ್ ಇವುಗಳಲ್ಲಿ ಕೆಲವು. ಇಲ್ಲಿ ಟ್ರೇನಿ ಸೀಟು ಸಿಕ್ಕರೆ ಫೀಸಿಗೂ ತಿಂಗಳ ಖರ್ಚಿಗೂ ನೆರವು ಸಿಗುತ್ತದೆ. ಆದರೆ ಅದು ಅಮೆರಿಕದ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಎಫ್-1 (ವಿದ್ಯಾರ್ಥಿ), ಎಚ್-4 (ಕೆಲಸದ ವೀಸಾದವರ ಸಂಗಾತಿ, ಮಕ್ಕಳು) ವೀಸಾದವರಿಗೆ ಇಲ್ಲ. ಇಲ್ಲೇ ಹುಟ್ಟಿದ ನಿಮ್ಮ ಮಗಳಿಗೆ ತೆರೆಯುವ ಬಾಗಿಲು ಊರಿಂದ ಬಂದ ನಿಮ್ಮ ತಂಗಿ ಮಗನಿಗೆ ತೆರೆಯದಿರಬಹುದು. ಇನ್ನೊಂದು ಮಾತು: 2025ರ ಏಪ್ರಿಲ್‌ನಲ್ಲಿ ನಯಾಶ್‌ನ ಬಹಳಷ್ಟು ಸಿಬ್ಬಂದಿಗೆ ಕೆಲಸದಿಂದ ತೆಗೆಯುವ ನೋಟಿಸ್ ಹೋಗಿತ್ತು. ಹಾಗಾಗಿ ಯಾರೇ ಆಗಲಿ, ಎಷ್ಟು ವರ್ಷಕ್ಕೆ ದುಡ್ಡು ಖಾತ್ರಿ ಎಂದು ಬರಹದಲ್ಲಿ ಕೇಳಿ ಪಡೆಯಿರಿ.

ಎಫ್-1ನವರಿಗೆ ದಾರಿಯೇ ಇಲ್ಲ ಅಂತಲ್ಲ. ಪ್ರೊಫೆಸರ್ ಕೈಯಲ್ಲಿ ಸಂಶೋಧನಾ ಗ್ರಾಂಟ್ ಇದ್ದರೆ ರಿಸರ್ಚ್ ಅಸಿಸ್ಟೆಂಟ್ ಆಗಿ ಸೇರಿಸಿಕೊಳ್ಳಬಹುದು. ಪಿಎಚ್‌ಡಿಗೆ ಇದು ಮಾಮೂಲಿ. ಥೀಸಿಸ್ ಬರೆಯುವ ಎಂಎಸ್‌ಗೂ ಒಮ್ಮೊಮ್ಮೆ ಸಿಗುತ್ತದೆ. ಎಂಪಿಎಚ್ (ಪಬ್ಲಿಕ್ ಹೆಲ್ತ್ ಮಾಸ್ಟರ್ಸ್) ಬೇರೆ ಜಾತಿಯ ಡಿಗ್ರಿ. ಕನಿಷ್ಠ 42 ಕ್ರೆಡಿಟ್, ಸಾಮಾನ್ಯವಾಗಿ ಎರಡು ವರ್ಷ, ಹೊರಗಿನ ಸಂಸ್ಥೆಯಲ್ಲಿ ಪ್ರಾಯೋಗಿಕ ಕೆಲಸ. ಬಹುಪಾಲು ಜನ ಕೈಯಿಂದಲೇ ಫೀಸು ಕಟ್ಟುತ್ತಾರೆ. ಡಾಕ್ಟರ್ ಓದಿ ಬಂದವರಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಕೆಮಿಸ್ಟ್ರಿ, ಎಂಜಿನಿಯರಿಂಗ್ ಓದಿದವರು ಎಂಎಸ್ ನೋಡುವುದೇ ಮೇಲು ಅನ್ನುತ್ತೇನೆ.

ನಾನು ಓದಿದ್ದು ಇಂಡಸ್ಟ್ರಿಯಲ್ ಹೈಜೀನ್, ಅಂದರೆ ಕೆಲಸದ ಜಾಗದ ಧೂಳು, ರಾಸಾಯನಿಕದಂಥ ಅಪಾಯ ಅಳೆದು ತಡೆಯುವ ವಿದ್ಯೆ. ಮೊದಲ ಲ್ಯಾಬ್ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಸೊಂಟದ ಬೆಲ್ಟಿಗೆ ಪುಟ್ಟ ಪಂಪು, ಬೆನ್ನ ಮೇಲಿಂದ ಬಂದ ಟ್ಯೂಬು, ಕಾಲರಿಗೆ ಸಿಕ್ಕಿಸಿದ ಫಿಲ್ಟರ್ ಡಬ್ಬಿ. ದಪ್ಪ ಧೂಳನ್ನು ಸೈಕ್ಲೋನ್ ಎಂಬ ಚಿಕ್ಕ ಭಾಗ ಕೆಳಗೆ ಬೀಳಿಸುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವ ಸಣ್ಣ ಧೂಳು ಮಾತ್ರ ಫಿಲ್ಟರಿಗೆ ಹೋಗುತ್ತದೆ. ನಿಮಿಷಕ್ಕೆ 1.7 ಲೀಟರ್‌ನಂತೆ ಎಂಟು ಗಂಟೆಗೆ 816 ಲೀಟರ್ ಗಾಳಿ. ಕಲ್ಲು, ಮರಳಿನ ಧೂಳಿನಲ್ಲಿರುವ ಸಿಲಿಕಾಗೆ ಓಶಾ 2016ರಲ್ಲಿ ಇಟ್ಟ ಮಿತಿ ಒಂದು ಘನ ಮೀಟರ್‌ಗೆ 50 ಮೈಕ್ರೋಗ್ರಾಂ. ಅಂದರೆ ದಿನವಿಡೀ ಫಿಲ್ಟರ್ ಮೇಲೆ ಸುಮಾರು 41 ಮೈಕ್ರೋಗ್ರಾಂ ಕೂತರೆ ಮಿತಿ ಮುಟ್ಟಿತು. ಅಷ್ಟು ಸಿಲಿಕಾ ಕಣ್ಣಿಗೆ ಬೀಳುವುದೇ ಇಲ್ಲ.

ನಮ್ಮ ತಾತ ಕೆಜಿಎಫ್ ಗಣಿಯಲ್ಲಿ ಇದ್ದವರು. ರಾತ್ರಿಯೆಲ್ಲ ಕೆಮ್ಮುತ್ತಿದ್ದರು. ಮನೆಯಲ್ಲಿ ಅದನ್ನು "ಗಣಿ ಕೆಮ್ಮು" ಅಂತಿದ್ದರು ಅಷ್ಟೇ. ಅವತ್ತು ಆ ಲೆಕ್ಕ ಹಾಕುವಾಗ ಕೈ ನಿಂತುಬಿಟ್ಟಿತು. ಇಂದು ಕ್ಯಾಲಿಫೋರ್ನಿಯಾದಲ್ಲಿ ಅಡುಗೆಮನೆ ಕಟ್ಟೆಯ ಕೃತಕ ಕಲ್ಲು ಕೊಯ್ಯುವ ಯುವಕರಿಗೆ ಸಿಲಿಕೋಸಿಸ್, ಅಂದರೆ ಸಿಲಿಕಾ ಧೂಳಿನ ಶ್ವಾಸಕೋಶ ರೋಗ, ಬರುತ್ತಿದೆ. ಈ ಓದು ಎಷ್ಟು ಬೇಕಾದ ಓದು ಅನ್ನೋದಕ್ಕೆ ನನಗೆ ಬೇರೆ ಕಾರಣ ಬೇಕಿಲ್ಲ.

ಇನ್ನು ಕಾಗದ ಪತ್ರ. ಪಬ್ಲಿಕ್ ಹೆಲ್ತ್ ಸ್ಕೂಲು ಅಂದರೆ ಅಂಥ ಸ್ಕೂಲುಗಳನ್ನು ಪರಿಶೀಲಿಸುವ ಸೆಫ್ (CEPH) ಸಂಸ್ಥೆಯ ಮಾನ್ಯತೆ ಇದೆಯಾ ನೋಡಿ. ಇಂಡಸ್ಟ್ರಿಯಲ್ ಹೈಜೀನ್ ಆದರೆ ಅಬೆಟ್ (ABET) ಸಂಸ್ಥೆಯ ಮಾನ್ಯತೆ ಇದ್ದರೆ ಒಳ್ಳೆಯದು. ಬಹಳಷ್ಟು ಸ್ಕೂಲುಗಳಿಗೆ ಸೋಫಾಸ್ (SOPHAS) ಎಂಬ ಒಂದೇ ಪೋರ್ಟಲ್‌ನಲ್ಲಿ ಅರ್ಜಿ. ಊರಿನ ಅಂಕಪಟ್ಟಿಯನ್ನು ಡಬ್ಲ್ಯುಇಎಸ್ (WES) ಎಂಬ ಸಂಸ್ಥೆ ಪರಿಶೀಲಿಸಬೇಕಾಗುತ್ತದೆ. ಟ್ರಾನ್ಸ್‌ಕ್ರಿಪ್ಟ್ ಅಲ್ಲಿನ ಯೂನಿವರ್ಸಿಟಿಯಿಂದಲೇ ಹೋಗಬೇಕು, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಬೇಸಿಗೆಯಲ್ಲೇ ಶುರು ಮಾಡಿ.

ಎಫ್-1ನವರು ಕೋರ್ಸಿನ ಸಿಐಪಿ ಕೋಡ್ (ಕೋರ್ಸು ಯಾವ ವಿಷಯದ್ದು ಎಂದು ಹೇಳುವ ಸರ್ಕಾರಿ ಸಂಖ್ಯೆ) ಕೇಳಲೇಬೇಕು. ಓದು ಮುಗಿದ ಮೇಲೆ ಒಂದು ವರ್ಷ ಓಪಿಟಿ, ಅಂದರೆ ಓದಿದ ವಿಷಯದಲ್ಲೇ ಕೆಲಸ ಮಾಡಲು ಅನುಮತಿ. ಕೋಡ್ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು ಕೇಳಬಹುದು. ಒಂದೇ ಹೆಸರಿನ ಡಿಗ್ರಿಗೆ ಎರಡು ಯೂನಿವರ್ಸಿಟಿಯಲ್ಲಿ ಬೇರೆ ಬೇರೆ ಕೋಡ್ ಇರಬಹುದು. ಫೆಡರಲ್ ಸರ್ಕಾರದ ಕೆಲಸ ಬಹುತೇಕ ನಾಗರಿಕರಿಗೇ ಮೀಸಲು. ಉಳಿದವರಿಗೆ ಕಂಪನಿಗಳ ಇಎಚ್‌ಎಸ್ (ಪರಿಸರ, ಆರೋಗ್ಯ, ಸುರಕ್ಷತೆ) ವಿಭಾಗ, ಆಸ್ಪತ್ರೆ, ಕನ್ಸಲ್ಟಿಂಗ್ ಇದೆ. ನಾಲ್ಕು ವರ್ಷ ಅನುಭವವಾದ ಮೇಲೆ ಸಿಐಎಚ್ (ಇಂಡಸ್ಟ್ರಿಯಲ್ ಹೈಜೀನ್ ತಜ್ಞರ ಪ್ರಮಾಣಪತ್ರ) ಪರೀಕ್ಷೆ ಬರೆದು ಪಾಸಾದರೆ ಬೆಲೆ ಜಾಸ್ತಿ.

ಪಿಎಚ್‌ಡಿ ಬೇಕೆನ್ನುವವರು ಸೆಪ್ಟೆಂಬರ್‌ನಲ್ಲೇ ಪ್ರೊಫೆಸರ್‌ಗೆ ಇಮೇಲ್ ಬರೆಯಿರಿ. ಐದಾರು ಸಾಲು ಸಾಕು. ಅವರ ಯಾವ ಪೇಪರ್ ಓದಿದಿರಿ, ನಿಮಗೆ ಯಾವ ಅಳತೆ, ಯಾವ ಲೆಕ್ಕ ಬರುತ್ತದೆ ಹೇಳಿ. "ಮುಂದಿನ ವರ್ಷ ನಿಮ್ಮ ಗ್ರಾಂಟ್‌ನಲ್ಲಿ ಎಫ್-1 ವಿದ್ಯಾರ್ಥಿಗೆ ಜಾಗ ಇದೆಯಾ?" ಎಂದು ನೇರವಾಗಿ ಕೇಳಿ. ಇಲ್ಲಿ ಅದನ್ನು ಯಾರೂ ಅಧಿಕಪ್ರಸಂಗ ಅಂದುಕೊಳ್ಳುವುದಿಲ್ಲ. ಎರಡು ವಾರ ಉತ್ತರ ಬರದಿದ್ದರೆ ಇನ್ನೊಮ್ಮೆ ಬರೆಯಿರಿ. ಅದೇ ಲ್ಯಾಬಿನ ವಿದ್ಯಾರ್ಥಿಗಳಿಗೂ ಒಂದು ಸಾಲು ಹಾಕಿ. ಆ ಪ್ರೊಫೆಸರ್ ಹೇಗೆ, ದುಡ್ಡು ಸರಿಯಾಗಿ ಬರುತ್ತಾ ಅನ್ನೋದನ್ನು ಅವರು ಹೇಳುತ್ತಾರೆ.